ಒಂದು ಗಂಟೆಯ ಅಲಾರಂ

ಕಸ್ತೂರೆಮ್ಮನ ಬೆರಳಿಗೆ ಹೊಲಿಗೆ ಮಷಿನ್ನಿನ ಸೂಜಿ ಇಳಿದದ್ದು ಮಟಮಟ ಮಧ್ಯಾಹ್ನ. ಮೂವತ್ತು ವರ್ಷದಿಂದ ಮಸ್ಕಿಯ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಸೀರೆಗೆ ಜಂಪರ್ ಹೊಲಿಯುತ್ತ ಬಂದ ಹೆಂಗಸು. ಕಣ್ಣು ಮುಚ್ಚಿ ಹೊಲಿದರೂ ಗೆರೆ ತಪ್ಪದವಳು ಎಂದು ಗಿರಾಕಿಗಳು ಹೊಗಳುತ್ತಿದ್ದರು. ಅವತ್ತು ಅವಳು ನಿಜಕ್ಕೂ ಕಣ್ಣು ಮುಚ್ಚಿಯೇ ಹೊಲಿಯುತ್ತಿದ್ದಳು. ತೂಕಡಿಕೆ ಬಂದಿತ್ತು, ಪೆಡಲ್ಲಿನ ಮೇಲಿನ ಕಾಲು ಮಾತ್ರ ತನ್ನ ಪಾಡಿಗೆ ತಾನು ತುಳಿಯುತ್ತಿತ್ತು.

ಸೂಜಿ ಉಗುರಿನಲ್ಲಿ ಹೊಕ್ಕು ಕೆಳಗೆ ಬಂತು. ಅವಳು ಮೊದಲು ಮಾಡಿದ ಕೆಲಸವೆಂದರೆ, ರಕ್ತ ಬೀಳದ ಹಾಗೆ ಮದುಮಗಳ ರೇಷ್ಮೆ ಬಟ್ಟೆಯನ್ನು ಇನ್ನೊಂದು ಕೈಯಿಂದ ಆಚೆ ಎಳೆದದ್ದು. ಬೆರಳನ್ನು ನೋಡಿದ್ದು ಆಮೇಲೆ. ಪಕ್ಕದ ಮೊಬೈಲ್ ಅಂಗಡಿಯ ಜಾಹೀದ್ ಓಡಿ ಬಂದು ಮಷಿನ್ನಿನ ಗಾಲಿಯನ್ನು ಹಿಂದಕ್ಕೆ ತಿರುವಿ ಬೆರಳು ಬಿಡಿಸಿದ. ಬಿಡಿಸುವಷ್ಟರಲ್ಲಿ ಅವನ ಮುಖವೇ ಬೆಳ್ಳಗಾಗಿತ್ತು.

ಸಿಂಧನೂರಿನ ಡಾಕ್ಟರಮ್ಮ ಪಟ್ಟಿ ಕಟ್ಟಿ, ಇಂಜೆಕ್ಷನ್ ಚುಚ್ಚಿ, ಕಸ್ತೂರೆಮ್ಮನ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದರು.

"ರಾತ್ರಿ ಎಷ್ಟು ತಾಸು ಮಲಗ್ತೀರಿ?"

"ಮೂರು ತಾಸು ಆಗಬಹುದ್ರಿ."

"ಉಳಿದ ಹೊತ್ತು ಏನ್ ಮಾಡ್ತೀರಿ?"

"ಫೋನ್ ನೋಡ್ತೀನ್ರಿ. ಹೊಸ ಹೊಸ ಡಿಸೈನ್ ಬರ್ತಾವಲ್ರಿ, ಜಂಪರಿಂದು."

"ಈ ಸಲ ಉಗುರಿಗೆ ಹೋಗೇತಿ. ಹಿಂಗ ನಿದ್ದಿ ಕೆಟ್ರ ಮುಂದಿನ ಸಲ ಬೆರಳು ಉಳಿಯಂಗಿಲ್ಲ ನೋಡ್ರಿ. ಬೆರಳು ಹೋದ್ರ ಏನ್ ಮಾಡಿ ಉಣ್ತೀರಿ? ರಾತ್ರಿ ಹತ್ತಕ್ಕ ತಾನ ಸುಮ್ಮನಾಗೋ ವ್ಯವಸ್ಥಾ ಈಗ ಫೋನ್‌ನ್ಯಾಗ ಐತಿ. ಗೊತ್ತಿದ್ದವರ ಕಡೆ ಮಾಡಿಸ್ಕೊಳ್ರಿ."

ಕಸ್ತೂರೆಮ್ಮ ತಲೆಯಾಡಿಸಿದಳು. ಡಿಸೈನಿನ ಮಾತು ಸುಳ್ಳೇನಲ್ಲ, ಆದರೆ ಅರ್ಧ ನಿಜ. ಹನ್ನೆರಡರ ತನಕ ಡಿಸೈನು ನೋಡುತ್ತಿದ್ದಳು. ಅಲ್ಲಿಂದಾಚೆ ವಾಟ್ಸ್‌ಆ್ಯಪ್ ತೆಗೆದು ಒಂದೇ ಹೆಸರನ್ನು ನೋಡುತ್ತ ಕೂರುತ್ತಿದ್ದಳು. 'ಬಸಣ್ಣ ಬಳಗಾನೂರು' ಎಂಬ ಹೆಸರು. ಒಡಹುಟ್ಟಿದ ಅಣ್ಣ ಬಸವಂತರಾಯ. ಆ ಹೆಸರಿನ ಕೆಳಗೆ ಐದು ವರ್ಷದ ಹಿಂದೆ ಅವನು ಕಳಿಸಿದ ಒಂದು ಫೋಟೋವೇ ಕೊನೆ. ಪಂಚಮಿಯ ಜೋಕಾಲಿಯ ಮೇಲೆ ಕೂತ ಕಸ್ತೂರೆಮ್ಮ, ಬಾಯಿ ತುಂಬ ಶೇಂಗಾ ಉಂಡಿ. ಅದರ ಕೆಳಗೆ ಇಬ್ಬರಲ್ಲಿ ಯಾರೂ ಒಂದಕ್ಷರ ಬರೆದಿರಲಿಲ್ಲ.

ನಾಗರಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಬರುವುದನ್ನು ಬಸವಂತರಾಯ ಒಂದು ವರ್ಷವೂ ತಪ್ಪಿಸಿದವನಲ್ಲ. ಕಸ್ತೂರೆಮ್ಮನ ಗಂಡ ತೀರಿಕೊಂಡ ವರ್ಷವೂ ಬಂದಿದ್ದ, ಹಬ್ಬ ಬೇಡವೆಂದವಳನ್ನು ಗದರಿಸಿ ಬಸ್ಸು ಹತ್ತಿಸಿದ್ದ. ಹೀಗಿದ್ದವನು ನಾಲ್ಕು ವರ್ಷದ ಹಿಂದೆ ತನ್ನ ಮಗನಿಗೆ ಕಸ್ತೂರೆಮ್ಮನ ಮಗಳು ಭಾಗ್ಯಶ್ರೀಯನ್ನು ಕೇಳಿದ. ಭಾಗ್ಯಶ್ರೀ ಒಲ್ಲೆನೆಂದಳು. ತಾಯಿ ಮಗಳ ಮಾತು ಹಿಡಿದು ಲಿಂಗಸುಗೂರಿನ ಮನೆಗೆ ಕೊಟ್ಟಳು. ಆ ಸುದ್ದಿ ಮುಟ್ಟಿದ ದಿನ ಬಸವಂತರಾಯ ನೆಟ್ಟಗೆ ಅಂಗಡಿಗೆ ಬಂದು, ಜಂಪರಿನ ಅಳತೆ ಕೊಡಲು ನಿಂತಿದ್ದ ಹೆಂಗಸರ ಎದುರಿಗೇ, "ನೀ ಸತ್ತ ಸುದ್ದೀನೂ ನನಗ ಮುಟ್ಟಬಾರದು" ಎಂದು ಹೇಳಿ ಹೋದ. ಮದುವೆಯಲ್ಲಿ ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ದೂರದ ನೆಂಟನೊಬ್ಬ ನಿಂತ. ಕಸ್ತೂರೆಮ್ಮನಿಗೂ ರೋಷವೇನು ಕಡಿಮೆಯೇ? ತಾನಾಗಿ ಫೋನ್ ಮಾಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಕೂತಳು.

ಆದರೆ ರಾತ್ರಿ ಒಂದು ಗಂಟೆಯ ಹೊತ್ತಿಗೆ ಆ ಹೆಸರಿನ ಕೆಳಗೆ 'ಆನ್‌ಲೈನ್' ಎಂದು ಬರುತ್ತಿತ್ತು. ಮೊದಮೊದಲು, ಕಾಲುವೆ ನೀರಿನ ಪಾಳಿ ಇರಬೇಕು, ಗದ್ದೆಗೆ ಎದ್ದಿದ್ದಾನೆ ಎಂದುಕೊಂಡಳು. ಬೇಸಿಗೆ ಬಂದು ಕಾಲುವೆಯಲ್ಲಿ ಹನಿ ನೀರಿಲ್ಲದಾಗಲೂ ಅದೇ ಹೊತ್ತಿಗೆ ಬಂತು. ಬಂದರೆ ಮೂರರ ತನಕ ಇರುತ್ತಿತ್ತು. ಏನು ನೋಡುತ್ತಾನೋ, ಯಾಕೆ ನಿದ್ದೆಯಿಲ್ಲವೋ ಕೇಳುವಂತಿರಲಿಲ್ಲ. ಇದ್ದಾನೆ ಎಂಬುದಷ್ಟೇ ತಿಳಿಯುತ್ತಿತ್ತು. ಅಂಗಡಿಯ ಹಿಂದಿನ ಒಂಟಿ ಕೋಣೆಯಲ್ಲಿ ಅವಳಿಗೆ ರಾತ್ರಿಯ ಜೊತೆಯೆಂದರೆ ಅದೊಂದೇ ಪದ. ಮಗಳಿಗೆ ಹೇಳಿದರೆ ನಕ್ಕಾಳು ಎಂದು ಹೇಳಿರಲಿಲ್ಲ.

ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಬಳಗಾನೂರಿನ ಬೋರ್ಡಿದ್ದ ಬಸ್ಸು ನಿಂತಿತ್ತು. ಪಟ್ಟಿ ಕಟ್ಟಿದ ಕೈಯನ್ನು ಎದೆಗಾನಿಸಿಕೊಂಡು ಕಸ್ತೂರೆಮ್ಮ ಅದರ ಬಾಗಿಲ ತನಕ ಹೋದಳು. "ಹತ್ತ್ರಿ ಯಮ್ಮಾ, ಬಿಡಾಕತ್ತೀವಿ" ಎಂದ ಕಂಡಕ್ಟರು. ಅವಳು ಮಸ್ಕಿ ಬಸ್ಸು ಯಾವ ಕಡೆ ಎಂದು ಕೇಳಿ, ತನಗೆ ಗೊತ್ತಿದ್ದ ಕಡೆಗೇ ನಡೆದಳು.

ಸಂಜೆ ಜಾಹೀದನ ಮುಂದೆ ಫೋನಿಟ್ಟಳು. ಅವನು ರಿಪೇರಿಗೆ ಬಿಚ್ಚಿದ್ದನ್ನೆಲ್ಲ ಪಕ್ಕಕ್ಕೆ ಸರಿಸಿದ.

"ಇದಕ್ಕ ಬೆಡ್‌ಟೈಮ್ ಅಂತಾರಕ್ಕ. ರಾತ್ರಿ ಹತ್ತಕ್ಕ ಚಾಲೂ, ಮುಂಜಾನಿ ಆರಕ್ಕ ಬಂದ್. ನೋಡ್ರಿ, ಬಣ್ಣ ಹೋತು. ರಾತ್ರಿ ಎಲ್ಲಾ ಕರಿ ಬಿಳಿ ಕಾಣ್ತೈತಿ."

"ಬಣ್ಣ ಹೋದ್ರ ಸೀರಿ ಹೆಂಗ ನೋಡ್ಲಿ?"

"ನೋಡಬ್ಯಾಡ್ರೀ ಅಂತಾನ ತೆಗಿಯೋದು." ಜಾಹೀದ್ ನಕ್ಕ. "ಫೋನೂ ಬಾರಿಸಂಗಿಲ್ಲ. ಒಬ್ಬರ ಎರಡು ಸಲ ಮಾಡಿದ್ರ ಅರ್ಜೆಂಟ್ ಐತಿ ಅಂತ ತಿಳ್ಕೊಂಡು ಬಾರಸ್ತೈತಿ. ಅದನ್ನ ಇಡ್ಲೇನು?"

"ಬ್ಯಾಡಪ್ಪಾ. ಮದುವಿ ಮನಿಯವರು ರಾತ್ರಿ ಹನ್ನೊಂದಕ್ಕ ಜಂಪರಿನ ತೋಳು ಬಿಗಿ ಆತು ಅಂತ ಹತ್ತು ಸಲ ಮಾಡ್ತಾರ. ಅದನ್ನೂ ಬಂದ್ ಮಾಡು."

"ಆತು. ಅಲಾರಂ ಒಂದು ಹೊಡಿತೈತಿ, ಅದನ್ನ ಯಾವುದೂ ತಡಿಯಂಗಿಲ್ಲ. ಇನ್ನ ಯಾರ ಫೋನ್ ಬಾರಿಸಬೇಕು, ಅವರ ಹೆಸರು ಹೇಳ್ರಿ. ಅವರು ಯಾವಾಗ ಮಾಡಿದ್ರೂ ಬರ್ತೈತಿ."

"ಭಾಗ್ಯಾಂದು ಹಾಕು."

"ಮತ್ತ?"

ಮತ್ತೆ ಯಾರು? ಕಸ್ತೂರೆಮ್ಮ ಯೋಚಿಸಿದಳು. ನಡುರಾತ್ರಿ ತನ್ನನ್ನು ಎಬ್ಬಿಸುವ ಹಕ್ಕಿದ್ದವರು ಐವತ್ತೆರಡು ವರ್ಷದ ಬಾಳಿನಲ್ಲಿ ಇಷ್ಟೇನಾ ಎನ್ನಿಸಿತು. ಜಾಹೀದ್ ಹೆಸರುಗಳನ್ನು ಕೆಳಗೆ ಸರಿಸುತ್ತ ಹೋದ. ಸೀರೆಗೆ ಫಾಲ್ ಪಿಕೋ ಹಾಕುವವರು, ದಾರದ ಅಂಗಡಿ, ಗ್ಯಾಸಿನವನು, ಗಿರಾಕಿಗಳು, ಗಿರಾಕಿಗಳು.

"ಬಸಣ್ಣ ಬಳಗಾನೂರು ಅಂತ ಐತಲ್ರಿ, ನಿಮ್ಮ ಅಣ್ಣಾರಲ್ಲೇನು? ಹಾಕ್ಲಿ?"

"ಅಂವ ಮಾಡಂಗಿಲ್ಲ. ಬ್ಯಾಡ."

ಜಾಹೀದ್ ಅವಳ ಮುಖ ನೋಡಿ, ಮುಂದೆ ಕೇಳದೆ ಫೋನು ಕೊಟ್ಟ.

ಆ ರಾತ್ರಿ ಹತ್ತಕ್ಕೆ ಪರದೆಯ ಬಣ್ಣ ಹೋಯಿತು. ಗಿಳಿಹಸಿರು, ಕುಂಕುಮ, ಅರಿಶಿನ ಎಲ್ಲ ಒಂದೇ ಬೂದಿ. ಇಂಥ ಜಂಪರು ನೋಡಿ ಯಾರ ಉದ್ಧಾರವಾಗಬೇಕು ಎಂದು ಸಿಟ್ಟಿಗೆದ್ದು ಫೋನನ್ನು ಬೋರಲು ಹಾಕಿದಳು. ಒಂದು ಗಂಟೆಗೆ ಹೇಗಿದ್ದರೂ ಎಚ್ಚರ ಇರುತ್ತದಲ್ಲ, ಆಗ ನೋಡಿದರಾಯಿತು ಎಂದುಕೊಂಡವಳು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೆಳಕಿತ್ತು. ಹಾಲಿನವನು ಬಾಗಿಲು ಬಡಿಯುತ್ತಿದ್ದ.

ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ನಾಲ್ಕು ವರ್ಷದ ಬಾಕಿ ನಿದ್ದೆಯ ವಸೂಲಿಗೆ ದೇಹ ಒಮ್ಮೆಲೇ ಇಳಿದಂತಿತ್ತು. ಬೆರಳು ಮಾಯುತ್ತ ಬಂತು. ಲಿಂಗಸುಗೂರಿನಿಂದ ಭಾಗ್ಯಶ್ರೀ ಫೋನ್ ಮಾಡಿ, "ಯವ್ವಾ, ದನಿ ಎಷ್ಟು ಹಗುರ ಆಗೇತಿ ನಿಂದು" ಎಂದಳು. ಕಸ್ತೂರೆಮ್ಮನಿಗೂ ಹಗುರವೇ ಅನ್ನಿಸಿತ್ತು. ಒಮ್ಮೊಮ್ಮೆ ಹಗಲಿನಲ್ಲಿ ಗುಂಡಿ ಹಚ್ಚುತ್ತ, ಅಣ್ಣ ನಿನ್ನೆಯೂ ಎಚ್ಚರವಿದ್ದನೋ ಏನೋ ಎಂದು ನೆನಪಾಗುತ್ತಿತ್ತು. ಇದ್ದರೆ ಇರಲಿ, ನಾನು ನೋಡಿದರೆ ಅವನಿಗೇನು, ನೋಡದಿದ್ದರೆ ಅವನಿಗೇನು ಎಂದು ದಾರ ಕಡಿಯುತ್ತಿದ್ದಳು.

ಐದನೆಯ ಬೆಳಗ್ಗೆ ಫೋನು ತಿರುವಿ ನೋಡಿದರೆ ಪರದೆಯ ಮೇಲೆ ಹನ್ನೊಂದು ಮಿಸ್ಡ್ ಕಾಲ್.

ಯಾವಳದೋ ತೋಳು ಬಿಗಿಯಾಗಿರಬೇಕು ಎಂದು ಬಯ್ಯುತ್ತ ಕನ್ನಡಕ ಹಾಕಿಕೊಂಡಳು. ಹನ್ನೊಂದೂ ಒಬ್ಬರವೇ. ಬಸಣ್ಣ ಬಳಗಾನೂರು. ಮೊದಲಿನದು ರಾತ್ರಿ ಒಂದೂ ಹತ್ತಕ್ಕೆ, ಕೊನೆಯದು ನಾಲ್ಕಕ್ಕೆ ಐದು ನಿಮಿಷ ಇರುವಾಗ.

ಅವನ ಮನೆಯಲ್ಲಿ ಏನಾಗಿ ಹೋಯಿತೋ ಎಂದು ಅವನ ನಂಬರು ಒತ್ತಿ ಫೋನು ಕಿವಿಗಿಟ್ಟುಕೊಂಡಳು. ಒಂದೇ ರಿಂಗಿಗೆ ಅತ್ತ ಎತ್ತಿದರು. ಉಸಿರು ಮಾತ್ರ ಕೇಳುತ್ತಿತ್ತು.

"ಅಣ್ಣಾ."

"ಹಾಂ."

"ಎಲ್ಲಾರೂ ಆರಾಮದೀರಿಲ್ಲೋ?"

"ಆರಾಮದೀವಿ."

"ಫೋನ್ ಮಾಡಿದ್ಯಲ್ಲ ರಾತ್ರಿ."

ಬಸವಂತರಾಯ ಕೆಮ್ಮಿದ. "ಮಾಡಿಲ್ಲ. ಕೈ ತಾಕಿರಬೇಕು."

ಹನ್ನೊಂದು ಸಲ ಕೈ ತಾಕಿತೇನೋ ಎಂದು ಬಾಯಿಗೆ ಬಂದದ್ದನ್ನು ಕಸ್ತೂರೆಮ್ಮ ನುಂಗಿಕೊಂಡಳು.

"ನೀ ಆರಾಮದಿಯಿಲ್ಲೋ?" ಅವನೇ ಕೇಳಿದ. "ನಾಕು ದಿನ ಆತು, ರಾತ್ರಿ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಆಗ ಕಸ್ತೂರೆಮ್ಮನಿಗೆ ತಿಳಿಯಿತು. ಬಳಗಾನೂರಿನಲ್ಲಿ ಕೂತು ಅವನು ಮೂರರ ತನಕ ನೋಡುತ್ತಿದ್ದುದು ಏನನ್ನು ಎಂಬುದು ತಿಳಿಯಿತು. ಅವಳ ಹೆಸರಿನ ಕೆಳಗೂ ಅದೇ ಪದ ಬರುತ್ತಿತ್ತಲ್ಲವೇ? ನಾಲ್ಕು ರಾತ್ರಿ ಅದು ಬರಲಿಲ್ಲ. ಸತ್ತ ಸುದ್ದಿಯೂ ಮುಟ್ಟಬಾರದು ಎಂದು ಹೇಳಿ ಹೋದವನು, ಮುಟ್ಟಿಸುವವರು ಯಾರೂ ಇಲ್ಲದೆ, ಕತ್ತಲಲ್ಲಿ ಹನ್ನೊಂದು ಸಲ ಗುಂಡಿ ಒತ್ತಿದ್ದ. ನಾಲ್ಕು ವರ್ಷ ತಾನೊಬ್ಬಳೇ ಕಾಯುತ್ತಿದ್ದೇನೆ ಎಂದುಕೊಂಡಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

"ಸತ್ತಿಲ್ಲ ಬಿಡು," ಎಂದಳು. ಬೇರೆ ಏನೋ ಹೇಳಲು ಹೋಗಿ ಬಂದ ಮಾತು ಅದು. "ನಿದ್ದಿ ಬರಾಕತ್ತೈತಿ ಈಗ. ಡಾಕ್ಟರು ಫೋನ್ ನೋಡಬ್ಯಾಡ ಅಂದಾರ."

"ಛಲೋ ಆತು," ಎಂದ ಬಸವಂತರಾಯ. "ಮಲಗು. ನಿದ್ದಿ ಬಂದ್ರ ಛಲೋ." ಆಮೇಲೆ ಯಾರೋ ಕರೆದರೆಂದು ಹೇಳಿ ಇಟ್ಟ. ಯಾರೂ ಕರೆದದ್ದು ಅವಳಿಗೆ ಕೇಳಿಸಿರಲಿಲ್ಲ.

ಬಾ ಅನ್ನಲಿಲ್ಲ ಅವನು. ಇವಳೂ ಬರಲೇ ಎಂದು ಕೇಳಲಿಲ್ಲ. ಇಬ್ಬರೂ ಒಂದೇ ತಾಯಿಯ ಹಾಲು ಕುಡಿದವರು, ಹಟದಲ್ಲೂ ಒಂದು ತೊಟ್ಟು ಹೆಚ್ಚುಕಡಿಮೆಯಿಲ್ಲ.

ಜಾಹೀದ್ ಅಂಗಡಿಯ ಶಟರು ಎತ್ತುವುದನ್ನೇ ಕಾದಿದ್ದು ಕಸ್ತೂರೆಮ್ಮ ಹೋಗಿ ನಿಂತಳು.

"ಆ ಬಳಗಾನೂರಿನ ಹೆಸರು ಹಾಕು."

"ಮಾಡಂಗಿಲ್ಲ ಅಂದಿದ್ರಿ?"

"ಹಾಕಂದ್ರ ಹಾಕು." ಆಮೇಲೆ ಮೆತ್ತಗೆ, "ಇನ್ನೊಂದು ಕೆಲಸ ಐತಿ ಜಾಹೀದ. ಒಂದು ಗಂಟೆಗೆ ಅಲಾರಂ ಇಟ್ಟು ಕೊಡು."

"ಊಟದ ಹೊತ್ತಿಗೇನ್ರಿ?"

"ರಾತ್ರಿ ಒಂದಕ್ಕ."

ಜಾಹೀದ್ ಫೋನು ಕೆಳಗಿಟ್ಟ. "ಅಕ್ಕಾ, ನಿದ್ದಿ ಬರಲಿ ಅಂತ ಇಷ್ಟೆಲ್ಲಾ ಮಾಡಿ, ನಡುರಾತ್ರಿಗೆ ಅಲಾರಂ ಯಾರ ಇಡ್ತಾರ್ರೀ?"

"ಗುಳಿಗಿ ತಗೋಬೇಕು."

"ದಿನಾಲೂ?"

"ದಿನಾಲೂ."

ಅವನು ಇಟ್ಟುಕೊಟ್ಟ. ಸದ್ದು ಸಣ್ಣದಿರಲಿ ಎಂದು ಹೇಳಿ, ಅವನು ಎರಡು ಸಲ ಬಾರಿಸಿ ತೋರಿಸಿದ ಮೇಲೆ ಕಸ್ತೂರೆಮ್ಮ ಅಂಗಡಿಗೆ ಮರಳಿದಳು.

ಆ ರಾತ್ರಿ ಹತ್ತಕ್ಕೆ ಬಣ್ಣ ಹೋಯಿತು, ಅವಳು ಮಲಗಿದಳು. ಒಂದಕ್ಕೆ ದಿಂಬಿನ ಕೆಳಗೆ ಅಲಾರಂ ಮಿಡಿಯಿತು. ತುಂಬಿದ ನಿದ್ದೆಯಿಂದ ಏಳುವುದು ಎಂಥ ಕಷ್ಟವೆಂಬುದೇ ಅವಳಿಗೆ ಮರೆತುಹೋಗಿತ್ತು. ಗೋಡೆಗೆ ಬೆನ್ನು ಆನಿಸಿ ಕೂತು, ಕಣ್ಣುಜ್ಜಿಕೊಂಡು ವಾಟ್ಸ್‌ಆ್ಯಪ್ ತೆರೆದಳು. ಜೋಕಾಲಿಯ ಫೋಟೋ ಬೂದಿಯಾಗಿತ್ತು, ಉಟ್ಟಿದ್ದ ಸೀರೆ ಯಾವ ಬಣ್ಣದ್ದೆಂದು ತಿಳಿಯುವಂತಿರಲಿಲ್ಲ. ಹಸಿರು ಅದು, ಅಣ್ಣ ತಂದದ್ದು. ಹೆಸರಿನ ಕೆಳಗೆ ಏನೂ ಇರಲಿಲ್ಲ. ಎರಡು ನಿಮಿಷ ಕಾದಳು. ಬಂತು.

ಏನೂ ಬರೆಯಲಿಲ್ಲ ಅವಳು. ಪರದೆ ಆರಲು ಹೋದಾಗಲೆಲ್ಲ ಬೆರಳು ತಾಗಿಸಿ ಬೆಳಕು ಉಳಿಸಿಕೊಂಡಳು. ಇದ್ದೀನಿ, ನೋಡಿಕೋ ಎಂದು ಮನಸ್ಸಿನಲ್ಲಿ ಹೇಳಿದಳು. ಅವನೂ ಏನೂ ಬರೆಯಲಿಲ್ಲ.

ಒಂದು ಗಂಟೆ ಆರು ನಿಮಿಷಕ್ಕೆ ಆ ಪದ ಹೋಯಿತು. ಮೂರರ ತನಕ ಇರುತ್ತಿದ್ದದ್ದು ನಾಲ್ಕು ವರ್ಷದಲ್ಲಿ ಮೊದಲ ಸಲ ಅಷ್ಟು ಬೇಗ ಹೋಯಿತು. ಮತ್ತೆ ಬಂದೀತೇನೋ ಎಂದು ಕಸ್ತೂರೆಮ್ಮ ಒಂದಷ್ಟು ಹೊತ್ತು ಕೂತೇ ಇದ್ದಳು. ಬರಲಿಲ್ಲ. ಅಣ್ಣ ಮಲಗಿದ ಎಂದುಕೊಂಡಳು.

ಅಲಾರಂ ನಾಳೆಗೂ ಇದೆಯೇ ಎಂದು ಇನ್ನೊಮ್ಮೆ ನೋಡಿ ಫೋನನ್ನು ಬೋರಲು ಹಾಕಿದಳು. ಅವಳಿಗೆ ನಿದ್ದೆ ಬೇಗ ಹತ್ತಲಿಲ್ಲ. ಪಂಚಮಿಗೆ ಇನ್ನೂ ಮೂರು ತಿಂಗಳಿತ್ತು.