ಎಲ್ಡನ್‌ನ ಬಿತ್ತನೆ

ವರ್ಲಾ ಮನೆಯ ಟ್ರ್ಯಾಕ್ಟರಿನ ಕೀಲಿಯನ್ನು ಎಲ್ಲಿ ಬಚ್ಚಿಡಬೇಕು ಎಂಬುದು ಆ ಸೆಪ್ಟೆಂಬರಿನಲ್ಲಿ ಪಶ್ಚಿಮ ಕಾನ್ಸಸ್‌ನ ಇಡೀ ಕೌಂಟಿಯೇ ಗಹನವಾಗಿ ಚರ್ಚಿಸಿದ ಪ್ರಶ್ನೆ. ಹಿಟ್ಟಿನ ಡಬ್ಬಿಯೇ ಕ್ಷೇಮವೆಂದು ಗೋದಿ ಉಗ್ರಾಣದಲ್ಲಿ ದಿನಾ ಕಾಫಿಗೆ ಸೇರುವ ರೈತರು ಬಹುಮತದಿಂದ ತೀರ್ಮಾನಿಸಿದ್ದರು. ಈಗ ಅವಳ ಗಂಡ ಎಲ್ಡನ್ ಅದನ್ನೂ ಪತ್ತೆಹಚ್ಚಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದ.

"ಬಿತ್ತೋ ಹೊತ್ತು ಮೀರ್ತಾ ಇದೆ. ದಾರಿ ಬಿಡಮ್ಮ."

"ನಮ್ಮ ಹೊಲಾನ ಹುಲ್ಲಿಗೆ ಬಿಟ್ಟಿದೀವಲ್ಲ ಎಲ್ಡನ್. ಉಳಬಾರದು ಅಂತಲೇ ಸರ್ಕಾರ ದುಡ್ಡು ಕೊಡೋದು."

"ಉಳದೇ ಇರೋಕೆ ದುಡ್ಡಾ?" ಅವನು ನಕ್ಕ. "ಯಾವ ಸೋಮಾರಿ ಒಪ್ಕೊಂಡ ಅದಕ್ಕೆ?"

ಒಪ್ಪಿಕೊಂಡವನು ಅವನೇ. ಕಾಲಿನ ಮಂಡಿ ಸವೆದು ದುಡಿಯಲಾಗದ ವರ್ಷ, ಗಾಳಿಗೆ ಹಾರುವ ಮಣ್ಣಿಗೆ ಹುಲ್ಲೇ ಸರಿ ಎಂದು ವಾದಿಸಿ ರುಜು ಹಾಕಿದ್ದ. ಮರೆವು ಬಂದದ್ದು ಆಮೇಲೆ. ಮಕ್ಕಳ ಹೆಸರು ಹೋಯಿತು, ಚರ್ಚಿನ ದಾರಿ ಹೋಯಿತು. ಬಿತ್ತನೆಯ ಹೊತ್ತು ಮಾತ್ರ ಹೋಗಲಿಲ್ಲ. ಹುಲ್ಲನ್ನು ಉತ್ತುಹಾಕಿದರೆ ಕರಾರು ಮುರಿದಂತೆ. ಇಷ್ಟು ವರ್ಷ ಪಡೆದದ್ದನ್ನೆಲ್ಲ ಬಡ್ಡಿಸಮೇತ ಕಕ್ಕಬೇಕು. ಅವನ ಔಷಧಿ, ಹಗಲು ಬರುವ ದಾದಿ, ತಲೆಯ ಮೇಲಿನ ಸೂರು ಎಲ್ಲವೂ ಆ ಹಣದ ಮೇಲೆಯೇ ನಿಂತಿದ್ದವು.

ಉಪಾಯ ಹೇಳಿದವನು ಪಕ್ಕದ ಹೊಲದ ಗಸ್. "ನನ್ನ ಹೊಲದಲ್ಲಿ ಓಡಿಸ್ಲಿ ಬಿಡು. ಕೂರಿಗೆಗೆ ಬೀಜ ತುಂಬೋದು ಬೇಡ. ಸೊಟ್ಟ ಹೋದ್ರೂ ನಂಗೇನು, ಆಮೇಲೆ ನಾನು ಬಿತ್ಕೋತೀನಿ."

"ಗೊತ್ತಾದ್ರೆ?"

"ಹೆಂಡ್ತಿ ಹೆಸರೇ ಗೊತ್ತಿಲ್ಲ ಅವನಿಗೆ, ಬೀಜ ಗೊತ್ತಾಗುತ್ತಾ?" ಎಂದ ಗಸ್, ಎಂದಮೇಲೆ ನಾಲಿಗೆ ಕಚ್ಚಿಕೊಂಡ.

ಮರುದಿನ ಬೆಳಿಗ್ಗೆ ಎಲ್ಡನ್ ಗಡ್ಡ ಹೆರೆದುಕೊಂಡು, ಟೋಪಿ ಹಾಕಿಕೊಂಡು, ಯಾರ ಕೈಯೂ ಹಿಡಿಯದೆ ಟ್ರ್ಯಾಕ್ಟರ್ ಹತ್ತಿದ. ಗಸ್‌ನ ಟ್ರಕ್ಕಿನಲ್ಲಿ ಕೂತು ವರ್ಲಾ ನೋಡಿದಳು. ಸಾಲು ದಾರ ಹಿಡಿದಂತೆ ನೆಟ್ಟಗಿತ್ತು.

"ನೋಡು ಮುದುಕನ್ನ!" ಎಂದ ಗಸ್. "ನನ್ನ ಸಾಲು ನೋಡಿ, ಹಾವೇನಾದ್ರೂ ಕುಡಿದು ಹೋಗಿತ್ತಾ ಅಂತಿದ್ದ."

ಎಷ್ಟೋ ತಿಂಗಳ ಮೇಲೆ ವರ್ಲಾ ನಕ್ಕಳು. ಆಗಲೇ ಟ್ರ್ಯಾಕ್ಟರ್ ನಿಂತಿತು.

ಎಲ್ಡನ್ ಇಳಿದ. ಕೂರಿಗೆಯ ಹಿಂದೆ ಮಂಡಿಯೂರಿ ಬೆರಳಿನಿಂದ ಮಣ್ಣು ಕೆದಕತೊಡಗಿದ.

"ಅಯ್ಯೋ ದೇವರೇ," ಎಂದ ಗಸ್. "ಆಳ ನೋಡ್ತಿದಾನೆ."

ಬಿತ್ತುವವನು ಇಳಿದು, ಬೀಜ ಎಷ್ಟು ಆಳಕ್ಕೆ ಬಿತ್ತು ಎಂದು ನೋಡದೆ ಇರುತ್ತಾನೆಯೇ? ಜೀವಮಾನವಿಡೀ ಬಿತ್ತಿದ ಗಸ್‌ಗೆ ಅದು ಹೊಳೆದಿರಲಿಲ್ಲ. ಎಲ್ಡನ್ ಒಂದು ಕಡೆ ಕೆದಕಿದ, ಇನ್ನೊಂದು ಕಡೆ ಕೆದಕಿದ. ಎದ್ದು ಕೂರಿಗೆಯ ಬೀಜದ ಪೆಟ್ಟಿಗೆಯ ಮುಚ್ಚಳ ತೆಗೆದು, ಭುಜದವರೆಗೆ ಕೈಯಿಳಿಸಿ, ಹಾಗೆಯೇ ನಿಂತ.

ವರ್ಲಾ ಹತ್ತಿರ ಬರುವಷ್ಟರಲ್ಲಿ ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಇದು ಗಸ್ ಹೊಲ," ಎಂದ.

"ಹೌದು."

"ಆಟಕ್ಕೆ ಕೂರಿಸಿದ್ರಿ ನನ್ನ."

ಅವಳು ಅವನ ತೋಳಿಗೆ ಮೆತ್ತಿದ್ದ ಧೂಳು ಒರೆಸತೊಡಗಿದಳು.

"ಎಷ್ಟು ದಿನದಿಂದ ನಾನು ಹೀಗಾಗಿದೀನಿ, ವರ್ಲಾ?"

ಆ ಹೆಸರು ಅವನ ಬಾಯಲ್ಲಿ ಬಂದು ವರ್ಷದ ಮೇಲಾಗಿತ್ತು. "ಈಚೆಗೆ ಅಷ್ಟೇ," ಎಂದು ಅವಳು ಸುಳ್ಳು ಹೇಳಿದಳು.

ಅವನು ತಲೆಯಾಡಿಸಿ, ಮುಚ್ಚಳವನ್ನು ಸದ್ದಾಗದಂತೆ ಹಾಕಿದ. "ಗಸ್‌ಗೆ ಹೇಳು, ತೇವ ಚೆನ್ನಾಗಿದೆ. ಇವತ್ತೇ ಬಿತ್ತಲಿ." ನಡೆದು ಹೋಗಿ ಟ್ರಕ್ಕಿನಲ್ಲಿ ಕೂತ.

ಆಮೇಲೆ ಅವನು ಬಿತ್ತನೆಯ ಮಾತೆತ್ತಲಿಲ್ಲ, ಅವಳ ಹೆಸರನ್ನೂ. ಅಕ್ಟೋಬರಿನಲ್ಲಿ ಸರ್ಕಾರದ ಹಣ ಪೂರ್ತಿ ಬಂತು.