ಉಸಿರು ಬಿಡಲು ಕಲಿತ ಸುಬ್ಬಯ್ಯನ್

ಪೊಳ್ಳಾಚಿ ಸುತ್ತಮುತ್ತ ಯಾರ ಬಾವಿಯಲ್ಲಿ ಏನು ಬಿದ್ದರೂ ಸುಬ್ಬಯ್ಯನ್‌ಗೆ ಕರೆ ಬರುತ್ತಿತ್ತು. ಬಿಂದಿಗೆ, ಮೋಟರಿನ ಪೈಪು, ಒಮ್ಮೆ ಒಂದು ಮೇಕೆಮರಿ. ಮೂವತ್ತು ವರ್ಷ ಅವರು ಉಸಿರು ಕಟ್ಟಿ ಮುಳುಗಿ ಎಲ್ಲವನ್ನೂ ಮೇಲಕ್ಕೆ ತಂದಿದ್ದರು. ಮಗಳು ಧರಣಿಗೆ ಪೆರಿಯನಾಯಕನಪಾಳ್ಯದ ಪಂಪ್ ಕಾರ್ಖಾನೆಯಲ್ಲಿ ಕೆಲಸ. ಅವಳು ಪುದುಚೇರಿಗೆ ಹೋಗಿ, ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಮುಳುಗುವ ಸ್ಕೂಬಾ ಕಲಿತು ಬಂದಾಗ, ಐವತ್ತೇಳರ ಅಪ್ಪ ತಾನೂ ಕಲಿಯುತ್ತೇನೆಂದು ಹೊರಟರು. ಕಲಿತೂ ಬಿಟ್ಟರು.

ಒಂದು ವರ್ಷ ಇಬ್ಬರೂ ಅಲ್ಲಿನ ಕಡಲಲ್ಲಿ ಗೈಡ್‌ನ ಹಿಂದೆಯೇ ಈಜಿದರು. ಸುಬ್ಬಯ್ಯನ್ ಉಸಿರು ಹಿಡಿದಾಗಲೆಲ್ಲ ಅವನು ಅವರ ಎದೆ ತಟ್ಟಿ ಬಿಡಲು ನೆನಪಿಸುತ್ತಿದ್ದ. ಹೀಗೆ ಇನ್ನೊಬ್ಬರ ಬೆನ್ನು ನೋಡಿಕೊಂಡೇ ಹೋದರೆ ಎಂದಿಗೂ ಪೂರ್ತಿ ಕಲಿಯಲಾರೆವು ಎಂದು ಧರಣಿಗೆ ಅನಿಸಿತು. ಮುಂದಿನ ಸಲ ಗೈಡ್ ಬೇಡವೆಂದರು. ದೋಣಿಯವನು ಜಾಗಕ್ಕೆ ಬಿಟ್ಟು ಮೇಲೆ ಕಾಯುತ್ತಾನೆ. ದಾರಿ, ಆಳ, ಹೊತ್ತು, ಗಾಳಿ ಎಲ್ಲ ಇವರದೇ ಜವಾಬ್ದಾರಿ. ಹಿಂದಿನ ದಿನ ಕಾಗದದ ಮೇಲೆ ಎಲ್ಲವನ್ನೂ ಬರೆದುಕೊಂಡರು. ಇಬ್ಬರಲ್ಲಿ ಯಾರು ಮೇಲೆ ಹೋಗೋಣವೆಂದರೂ ಇನ್ನೊಬ್ಬರು ಕಾರಣ ಕೇಳಬಾರದು ಎಂಬುದೂ ಅದರಲ್ಲಿತ್ತು.

ಹದಿನೈದು ಮೀಟರ್ ಆಳದಲ್ಲಿ ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಕಳೆಯಿತು. ಧರಣಿ ದಿಕ್ಸೂಚಿ ನೋಡುತ್ತ ಮುಂದೆ, ಅಪ್ಪ ಪಕ್ಕದಲ್ಲಿ. ಆಮೇಲೆ ಅವಳಿಗೆ ಅಪ್ಪನ ಗುಳ್ಳೆಗಳು ಕಾಣಲಿಲ್ಲ. ಕಾದಳು. ಬಹಳ ಹೊತ್ತಿಗೆ ಒಂದು ಗೊಂಚಲು ಮೇಲೇರಿತು, ಮತ್ತೆ ನಿಂತಿತು. ಹುಷಾರಾಗಿದ್ದೀರಾ ಎಂದು ಸನ್ನೆ ಮಾಡಿದಳು. ಹುಷಾರು ಎಂದು ಸನ್ನೆ ಮಾಡಿದರಾದರೂ ಅವರ ಇನ್ನೊಂದು ಕೈ ಹಣೆಯನ್ನು ಒತ್ತಿಕೊಂಡಿತ್ತು.

ಧರಣಿ ಹೆಬ್ಬೆರಳನ್ನು ಮೇಲಕ್ಕೆತ್ತಿದಳು. ನೀರಿನಡಿ ಅದಕ್ಕೆ ಮೇಲೆ ಹೋಗೋಣ ಎಂದೇ ಅರ್ಥ. ಅಪ್ಪ ಬೇಡವೆಂದು ಕೈಯಾಡಿಸಿ ತಮ್ಮ ಗಾಳಿಯ ಮೀಟರ್ ತೋರಿಸಿದರು. ಅವಳಿಗಿಂತ ಎಷ್ಟೋ ಹೆಚ್ಚು ಗಾಳಿ ಉಳಿದಿತ್ತು. ಅಪ್ಪನಿಗೆ ಆಜ್ಞೆ ಮಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಆದರೂ ಬೆರಳನ್ನು ಮತ್ತೆ ಎತ್ತಿ, ಇಳಿಸದೆ ಹಿಡಿದಳು. ಸುಬ್ಬಯ್ಯನ್ ಅದನ್ನು ನೋಡಿದರು. ಆಮೇಲೆ ತಮ್ಮ ಬೆರಳನ್ನೂ ಎತ್ತಿದರು.

ಅವಳು ಅವರ ತೋಳು ಹಿಡಿದು, ತನ್ನ ಬಾಯಿಯ ಮುಂದಿನಿಂದ ಕೈಯನ್ನು ಹೊರಕ್ಕೆ ಚಾಚುತ್ತ ಉಸಿರು ಬಿಡಿ ಎಂದು ಮತ್ತೆ ಮತ್ತೆ ತೋರಿಸುತ್ತ, ನಿಧಾನವಾಗಿ ಮೇಲಕ್ಕೆ ಕರೆತಂದಳು. ಐದು ಮೀಟರ್ ಆಳದಲ್ಲಿ ನಿಯಮದಂತೆ ಮೂರು ನಿಮಿಷ ನಿಲ್ಲಿಸಿದಳು. ದೋಣಿಗೆ ಗುರುತು ಸಿಗಲೆಂದು ಕಿತ್ತಳೆ ಬಣ್ಣದ ಕೊಳವೆಗೆ ಗಾಳಿ ತುಂಬಿ ಮೇಲಕ್ಕೆ ಬಿಟ್ಟಳು.

ದೋಣಿ ಹತ್ತಿದ ಕೂಡಲೇ ಸುಬ್ಬಯ್ಯನ್ ವಾಂತಿ ಮಾಡಿಕೊಂಡರು. ಹಿಂದಿನ ಎರಡು ಸಲವೂ ಹೀಗೇ ತಲೆ ಸಿಡಿದಿತ್ತು, ಬಿಸಿಲಿಗೆ ಎಂದುಕೊಂಡು ಹೇಳಿರಲಿಲ್ಲ ಎಂದು ಒಪ್ಪಿಕೊಂಡರು. ಅದು ಬಿಸಿಲಿಗಲ್ಲ, ಉಸಿರು ಕಟ್ಟಿದ್ದಕ್ಕೇ ಎಂದು ಗೊತ್ತಿದ್ದ ಧರಣಿಗೆ ಕೋಪವೂ ಬಂತು, ಅಳುವೂ ಬಂತು.

“ಬಾವೀಲಿ ಉಸುರು ಬಿಟ್ರೆ ಮುಗೀತು ಕಣಮ್ಮಾ. ಮೂವತ್ತು ವರ್ಷ ಹಂಗೇ ಬದ್ಕಿದ್ದು. ಮೈ ಕೇಳಲ್ಲ.”

“ಗೊತ್ತಪ್ಪಾ. ಆದ್ರೆ ಇಲ್ಲಿ ನಿಮ್ಮ ಬೆನ್ನ ಮೇಲೇ ಗಾಳಿ ಐತೆ. ಉಳಿಸಿ ಯಾರಿಗೆ ಕೊಡ್ತೀರಿ?”

ಸುಬ್ಬಯ್ಯನ್ ಮಧ್ಯಾಹ್ನದ ಡೈವ್ ತಾವಾಗಿಯೇ ಬೇಡವೆಂದರು.

ಊರಿಗೆ ಬಂದ ಮೇಲೆ ಭಾನುವಾರಗಳಂದು ತೋಟದ ಬಾವಿಯಲ್ಲಿ ಅಭ್ಯಾಸ ನಡೆಯಿತು. ಸುಬ್ಬಯ್ಯನ್ ಉಸಿರುಕೊಳವೆ ಕಚ್ಚಿಕೊಂಡು ನೀರಿನ ಮೇಲೆ ಬೋರಲು ತೇಲುವರು. ಮೆಟ್ಟಿಲ ಮೇಲೆ ಕೂತ ಧರಣಿ ಎಣಿಸುತ್ತ, ಉಸಿರು ನಿಂತರೆ ಬೆನ್ನಿಗೆ ನೀರೆರಚುವಳು. ಪಕ್ಕದ ತೋಟದ ತಿರುಮಲೈಸಾಮಿ ಬಂದು ನೋಡಿ, ಈಜು ಮರೆತುಹೋಯಿತೇ ಎಂದು ತಮಿಳಿನಲ್ಲಿ ಕೇಳಿದರು. ಹೌದು, ಮೊದಲಿಂದ ಕಲೀತಿದ್ದೇನೆ ಎಂದರು ಸುಬ್ಬಯ್ಯನ್, ನಗದೆ.

ಎರಡು ತಿಂಗಳ ನಂತರ ಮತ್ತೆ ಇಬ್ಬರೇ ಕಡಲಿಗೆ ಇಳಿದರು. ಅಪ್ಪನ ಗುಳ್ಳೆಗಳು ಬಿಡದೆ ಏರುತ್ತಿದ್ದವು. ಗಾಳಿ ಬೇಗ ಕರಗಿತು; ಮಾತಾಡಿಕೊಂಡಿದ್ದ ಅಂಕಿ ಬಂದಾಗ ತಿರುಗೋಣವೆಂದು ಅವರೇ ಸನ್ನೆ ಮಾಡಿದರು. ದೋಣಿಯ ಲಂಗರಿನ ಹಗ್ಗ ಧರಣಿ ಲೆಕ್ಕ ಹಾಕಿದ್ದಲ್ಲೇ ಸಿಕ್ಕಿತು. ಮೂವತ್ತೊಂದು ನಿಮಿಷವಾಗಿತ್ತು.

ಇಷ್ಟೇನಾ ಎಂದು ಸುಬ್ಬಯ್ಯನ್‌ಗೆ ತುಸು ಬೇಸರವಾಯಿತು. ಆದರೆ ತಲೆ ಹಗುರವಾಗಿತ್ತು, ಹೊಟ್ಟೆ ಹಸಿದಿತ್ತು. ದಡದಿಂದ ಹೆಂಡತಿ ಬೆಳ್ಳಿಯಮ್ಮನಿಗೆ ಫೋನ್ ಮಾಡಿ, ಹೋದ ಸಲ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದರು. ಮಗಳೇ ತಮ್ಮನ್ನು ಮೇಲೆ ತಂದಳೆಂಬುದನ್ನು ಎರಡು ಸಲ ಹೇಳಿದರು. ಆ ಕಡೆಯಿಂದ ಬೈಗುಳ ಶುರುವಾಗುತ್ತಲೇ ಫೋನನ್ನು ಧರಣಿಯ ಕೈಗೆ ಕೊಟ್ಟು, ಇಡ್ಲಿ ಹುಡುಕಿಕೊಂಡು ನಡೆದರು.