ಸಾಹೇಬರ ಬಟ್ಟಲಿನ ಜ್ವರ

ನಮ್ಮ ಕಾಲುಚೀಲದ ಕಾರ್ಖಾನೆಯ ಆಫೀಸಿನಲ್ಲಿ ಕಾಯಿಲೆ ಬೀಳುವುದೆಂದರೆ ನಡತೆಗೇಡಿತನ. ಹಾಗೆಂದು ತೀರ್ಮಾನಿಸಿದವರು ನಮ್ಮ ವಿಭಾಗದ ಮುಖ್ಯಸ್ಥರಾದ ಪ್ಯೋ ಸಾಹೇಬರು. ಆ ಸೋಮವಾರ ಅವರ ಕಣ್ಣು ಕೆಂಡವಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಕೋಟಿನ ಮೇಲೆ ಕೋಟು ಹಾಕಿಕೊಂಡೇ ಬಂದು ಕುರ್ಚಿಯಲ್ಲಿ ಪ್ರತಿಷ್ಠಾಪನೆಗೊಂಡರು. ಊಟದ ಬಿಡುವಿನಲ್ಲಿ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಂಡು, ತೋಳಿಗೆ ಹತ್ತಿ ಅಂಟಿಸಿಕೊಂಡು, ಕುಸ್ತಿ ಗೆದ್ದ ಪೈಲ್ವಾನನಂತೆ ಮರಳಿದರು.

"ಡಾಕ್ಟ್ರು ಏನಂದ್ರು ಸಾರ್?" ಎಂದು ಪಕ್ಕದ ಮೇಜಿನ ತಾಕ್ ಕೇಳಿದ.

"ಫ್ಲೂ ಅಂತೆ. ಮನೇಲಿ ಮಲಗಿ, ಚೆನ್ನಾಗಿ ನೀರು ಕುಡೀರಿ, ಜನರ ಹತ್ರ ಹೋಗ್ಬೇಡಿ ಅಂದ. ಪಾಪ, ಅನುಭವ ಸಾಲ್ದು. ನೆಗಡಿ ಬಂತು ಅಂತ ಮೂಗು ಕುಯ್ಕೋತಾರೇನಯ್ಯಾ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಶನಿವಾರ ನನ್ನ ಮೊಮ್ಮಗಳು ಹುಟ್ಟಿದ ನೂರನೇ ದಿನ; ನಮ್ಮಲ್ಲಿ ಅದು ದೊಡ್ಡ ಹಬ್ಬ. ಉಸಿರಾಟದ ತೊಂದರೆಯೊಂದಿಗೇ ಹುಟ್ಟಿದ ಕೂಸು. ಈವರೆಗೆ ಗಾಜಿನಾಚೆಯಿಂದ ನೋಡಿದ್ದೆನೇ ಹೊರತು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. "ಅಮ್ಮಾ, ಒಂದು ಸೀನು ಬಂದ್ರೂ ಹೊಸ್ತಿಲು ದಾಟ್ಬೇಡ," ಎಂದು ಮಗಳು ಸೊಲ್ ಮೊದಲೇ ಹೇಳಿದ್ದಳು.

ಸಂಜೆ ಸಾಹೇಬರೇ ಎಲ್ಲರನ್ನೂ ಊಟಕ್ಕೆ ಎಳೆದೊಯ್ದರು. ನಡುವೆ ಹುಳಿ ಬರಿಸಿದ ಎಲೆಕೋಸಿನ, ಕುದಿಯುವ ಕಿಮ್ಚಿ ಸಾರಿನ ಒಂದೇ ಪಾತ್ರೆ, ಅದಕ್ಕೆ ಎಲ್ಲರ ಚಮಚ. ಸಾಹೇಬರು ಸೋಜು ಹೆಂಡಕ್ಕೆ ಮೆಣಸಿನಪುಡಿ ಕದಡಿ ಗಟಗಟ ಇಳಿಸಿದರು. "ಜ್ವರದ ಅಪ್ಪನೂ ಓಡ್ಬೇಕು!" ಎನ್ನುತ್ತ, ಅದೇ ಬಟ್ಟಲನ್ನು ತುಂಬಿ ತಾಕ್‌ಗೆ ಕೊಟ್ಟರು. ದೊಡ್ಡವರು ತಾವು ಕುಡಿದ ಬಟ್ಟಲನ್ನೇ ಕೊಟ್ಟರೆ ಅದು ಪ್ರೀತಿ; ಬೇಡವೆಂದರೆ ಮುಖಕ್ಕೆ ಉಗಿದಂತೆ. ತಾಕ್ ಕುಡಿದ. ಅವನ ಪಕ್ಕದವನೂ ಕುಡಿದ. ಪ್ರೀತಿ ಮೇಜು ಸುತ್ತಿ ನನ್ನ ಮುಂದೆ ಬಂದು ನಿಂತಿತು.

"ಬೇಡ ಸಾರ್."

"ನನ್ನ ಕೈಯಿಂದ ಬೇಡ್ವಾ, ಗುಮ್‌ಸಿಲ್ ಅವ್ರೇ?"

"ಕೈಯಿಂದ ಬೇಕು ಸಾರ್. ಬಾಯಿಂದ ಬೇಡ."

ಚಮಚಗಳು ನಿಂತವು. ತಾಕ್ ಮೇಜಿನಡಿ ನನ್ನ ಕಾಲು ತುಳಿದ. ಆ ಸಾರನ್ನೂ ಮುಟ್ಟದೆ ಬರೀ ಅನ್ನ ತಿಂದು ಎದ್ದೆ.

ಮರುದಿನ ನನ್ನ ನಮಸ್ಕಾರಕ್ಕೆ ಸಾಹೇಬರು ಗೋಡೆ ನೋಡಿದರು. ಗುರುವಾರದ ಹೊತ್ತಿಗೆ ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತ್ತು: ತಾಕ್ ಮಲಗಿದ, ಉಳಿದವರೂ ಒಬ್ಬರ ಹಿಂದೊಬ್ಬರು ಮಲಗಿದರು. ಸಾಹೇಬರ ಜ್ವರ ಮಾತ್ರ ಇಳಿದಿತ್ತು. "ನೋಡಿದ್ರಾ, ಮೆಣಸಿನಪುಡಿ!" ಎಂದು ಬೀಗುತ್ತಿದ್ದವರು ಮಧ್ಯಾಹ್ನ ಮತ್ತೆ ಗಡಗಡ ನಡುಗಿದರು, ಮೆಟ್ಟಿಲು ಹತ್ತುತ್ತ ಉಸಿರು ಸಾಲದೆ ಅಲ್ಲೇ ಕುಸಿದರು. ಆಂಬುಲೆನ್ಸ್ ಕರೆಸಿದವಳು ನಾನೇ. ಇಳಿದ ಜ್ವರ ಮತ್ತೆ ಏರಿ ಏದುಸಿರು ಬಂದರೆ ಗಳಿಗೆಯೂ ಕಾಯಬಾರದು ಎಂದರು ಡಾಕ್ಟರು. ನ್ಯುಮೋನಿಯಾ ಆಗಿತ್ತು. ನನಗೆ ಅಯ್ಯೋ ಎನಿಸಿತು. ಒಂದು ದಿನದ ಮಟ್ಟಿಗೆ.

ಶುಕ್ರವಾರ ಸಂಜೆ ವಾರ್ಡಿನಿಂದಲೇ ಫೋನು ಬಂತು.

"ಗುಮ್‌ಸಿಲ್ ಅವ್ರೇ, ಗಟ್ಟಿಯಾಗಿ ಉಳಿದಿರೋದು ನೀವೊಬ್ರೇ. ನಾಳೆ ಬಂದು ಮಾಲು ಕಳಿಸ್ಬಿಡಿ."

"ನಾಳೆ ಮೊಮ್ಮಗಳ ನೂರನೇ ದಿನ ಸಾರ್. ರಜಾ ಮೊದ್ಲೇ ಕೇಳಿದ್ನಲ್ಲ."

"ಮೈಯಲ್ಲಿ ಏನೂ ಇಲ್ದೇ ರಜಾ ಕೇಳ್ತೀರಲ್ಲ, ನಾಚಿಕೆ ಆಗಲ್ವಾ?"

"ಜ್ವರ ಬಂದ್ರೂ ರಜಾ ಇಲ್ಲ, ಬರ್ದಿದ್ರೂ ಇಲ್ಲ. ಮತ್ತೆ ಸತ್ತ ಮೇಲೆ ತಗೊಳ್ಳೋದಾ ಸಾರ್?"

ಆ ಕಡೆಯಿಂದ ಗೊರಗೊರ ಉಸಿರಿನ ನಡುವೆ ಆಸೆಯ ದನಿ: "ಒಂದು ಕೆಮ್ಮಾದ್ರೂ ಇಲ್ವಾ ನಿಮ್ಗೆ?"

"ಇಲ್ಲ ಸಾರ್. ಅದಕ್ಕೇ ಹೋಗ್ತಿರೋದು."

ಶನಿವಾರ ಸೊಲ್ ಬಾಗಿಲಲ್ಲೇ ನನಗೆ ಜ್ವರವಿದೆಯೇ ಎಂದು ನೋಡಿ, ಕೈ ತೊಳೆಸಿ, ಕೂಸನ್ನು ಕೊಟ್ಟಳು. ಬೆಚ್ಚಗೆ, ಹಾಲಿನ ವಾಸನೆ. ಅತ್ತುಬಿಟ್ಟೆ. ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ನನ್ನ ಕೈ ಖಾಲಿ ಇರಲಿಲ್ಲ.